ಎರಡನೇ ದೀಪ, ಐದನೇ ಸಾಲು

ಭೀಮವ್ವನಿಗೆ ಅನುಮಾನ ಹುಟ್ಟುಗುಣ. ಹರಿಹರದ ಸಂತೆಯಲ್ಲಿ ಈರುಳ್ಳಿ ಕೊಳ್ಳುವ ಮುಂಚೆ ತಕ್ಕಡಿಯ ತಟ್ಟೆ ಎತ್ತಿ, ತಳಕ್ಕೆ ಹುಣಸೆಹಣ್ಣು ಮೆತ್ತಿದ್ದಾರೇನೋ ಅಂತ ಬೆರಳಾಡಿಸಿ ನೋಡುವ ಹೆಂಗಸು. ದಾವಣಗೆರೆ ಬಸ್ಸು ಹತ್ತುವಾಗ ಕಂಡಕ್ಟರನ್ನು ಕೇಳುತ್ತಿದ್ದಳು, ಆಮೇಲೆ ಡ್ರೈವರನ್ನು ಕೇಳುತ್ತಿದ್ದಳು, ಇಬ್ಬರೂ ಮಾತಾಡಿಕೊಂಡು ಸುಳ್ಳು ಹೇಳಿರಬಹುದು ಅಂತ ಪಕ್ಕದ ಸೀಟಿನವರನ್ನೂ ಕೇಳುತ್ತಿದ್ದಳು. ಅಷ್ಟಾದ ಮೇಲೂ ಕೂರುತ್ತಿರಲಿಲ್ಲ, ಬಾಗಿಲ ಹತ್ತಿರವೇ ಕಂಬ ಹಿಡಿದು ನಿಲ್ಲುತ್ತಿದ್ದಳು. ಮಗಳು ಭವ್ಯಾಗೆ ನಾಚಿಕೆಯಾಗಿ, "ಅವ್ವಾ, ನಿನ್ ಜೊತಿ ಇನ್ನೊಂದ್ಸಲ ಬಂದ್ರೆ ಕೇಳು" ಅಂತ ಗೊಣಗುತ್ತಿದ್ದಳು. ಬರುವುದು ಮಾತ್ರ ಬಿಡುತ್ತಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಭೀಮವ್ವನಿಗೂ ಅನುಮಾನವಿರಲಿಲ್ಲ, ಊರವರಿಗೂ ಇರಲಿಲ್ಲ. ಅದು ಆಕೆಯ ಕೈ. ಬಿತ್ತನೆಗೆ ಭೀಮವ್ವ ಬಂದಿದ್ದಾಳೆ ಅಂದರೆ ಹೊಲದ ಯಜಮಾನ ಮರದ ನೆರಳಿಗೆ ಹೋಗಿ ಮಲಗಬಹುದಿತ್ತು. ಎತ್ತಿನ ಕಾಲ ಹೋಗಿ ಟ್ರ್ಯಾಕ್ಟರ್ ಬಂದಿದ್ದರೂ ಬೀಜ ಬಿಡುವುದು ಆಗಿನ್ನೂ ಹೆಂಗಸರ ಕೈಯಲ್ಲೇ ಇತ್ತು. ಟ್ರ್ಯಾಕ್ಟರಿನ ಹಿಂದೆ ಒಟ್ಟಿಗೆ ಆರು ಸಾಲು ಬಿತ್ತುವ ಆರು ತಾಳಿನ ಕಬ್ಬಿಣದ ಕೂರಿಗೆ. ಅದರ ಮೇಲೆ ಅಡ್ಡ ಹಲಗೆ, ಹಲಗೆಯ ಮೇಲೆ ಸಾಲಾಗಿ ಆರು ಹೆಂಗಸರು. ಒಬ್ಬೊಬ್ಬಳ ಮುಂದೆ ಒಂದು ಬಟ್ಟಲು, ಬಟ್ಟಲ ಕೆಳಗೆ ಮಣ್ಣಿನೊಳಕ್ಕೆ ಇಳಿಯುವ ಕೊಳವೆ. ಟ್ರ್ಯಾಕ್ಟರ್ ಕುಲುಕುತ್ತಾ ಹೋದ ಹಾಗೆ ಉಡಿಯಲ್ಲಿಟ್ಟುಕೊಂಡ ಬೀಜವನ್ನು ಬೆರಳ ಸಂದಿಯಿಂದ ಒಂದೊಂದೇ ಬಿಡುತ್ತಾ ಹೋಗಬೇಕು. ಮಾತಾಡಿದರೆ ಕೈ ತಪ್ಪುತ್ತೆ, ಸೀನಿದರೆ ಕೈ ತಪ್ಪುತ್ತೆ. ತಪ್ಪಿದ್ದು ಆವತ್ತು ಯಾರಿಗೂ ಕಾಣುವುದಿಲ್ಲ, ಎಂಟು ದಿನ ಬಿಟ್ಟು ಮೊಳಕೆ ಬಂದಾಗ ಹೊಲವೇ ಚಾಡಿ ಹೇಳುತ್ತೆ. ಇಪ್ಪತ್ತೆರಡು ವರ್ಷದಲ್ಲಿ ಭೀಮವ್ವನ ಸಾಲಿನ ಮೇಲೆ ಯಾವ ಹೊಲವೂ ಚಾಡಿ ಹೇಳಿರಲಿಲ್ಲ. ಆಕೆಗೆ ಓದು ಬರುತ್ತಿರಲಿಲ್ಲ, ಗಂಡ ಇರಲಿಲ್ಲ, ಹೊಳೆದಂಡೆಯ ಕೇರಿಯಲ್ಲಿ ಒಂದೂವರೆ ಅಂಕಣದ ಮನೆ. ಇದ್ದದ್ದು ಈ ಹೆಸರು ಒಂದೇ.

ಬಕ್ಕೇಶಪ್ಪನವರು ಆಕೆಯನ್ನು ಪ್ರತಿ ಮುಂಗಾರಿಗೂ ಹೇಳಿ ಕಳಿಸಿ ಕರೆಸಿಕೊಳ್ಳುವ ಸಾವ್ಕಾರರು. ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಇಪ್ಪತ್ತು ಎಕರೆ ಖುಷ್ಕಿ ಹೊಲ ಹರಿಹರದ ಹೊರಗೆ. ಹಣೆ ತುಂಬ ವಿಭೂತಿ, ಕೆಟ್ಟ ಮಾತಿಲ್ಲ, ಕೂಲಿಯವರು ಊಟಕ್ಕೆ ಕೂತಾಗ ತಾವೇ ಬಂದು ಮಜ್ಜಿಗೆ ಬಡಿಸುವ ಮನುಷ್ಯ. ಆದರೆ ಅನುಮಾನದಲ್ಲಿ ಭೀಮವ್ವನಿಗೆ ತಕ್ಕ ಜೋಡಿ. ಆಳು ಕುಡಗೋಲು ಮಸೆಯಲು ಹೋದರೂ ಬೀಡಿ ಸೇದಲು ಹೋದ ಅಂತಲೇ ಅವರ ಲೆಕ್ಕ. ಕೆ.ಬಿ. ಬಡಾವಣೆಯಲ್ಲಿ ಕೂತವರಿಗೆ ಹರಿಹರದ ಹೊಲದಲ್ಲಿ ಏನಾಗುತ್ತಿದೆ ಅಂತ ಕಾಣುವುದಿಲ್ಲವಲ್ಲ, ಅದೇ ಅವರ ಹೊಟ್ಟೆಯ ಸಂಕಟ.

ಆ ಸಂಕಟಕ್ಕೆ ಮದ್ದು ಹುಡುಕಿಕೊಟ್ಟವನು ಅವರ ಬಾಮೈದ ರುದ್ರಮುನಿ. ದಾವಣಗೆರೆಯಲ್ಲಿ ಅವನದೊಂದು ರಿಪೇರಿ ಅಂಗಡಿ. ರೇಡಿಯೋ, ಸ್ಟೆಬಿಲೈಸರು, ಟ್ರ್ಯಾಕ್ಟರಿನ ಮೀಟರು, ಏನು ಕೊಟ್ಟರೂ ಬಿಚ್ಚುತ್ತಿದ್ದ, ಮುಕ್ಕಾಲು ಪಾಲು ಮತ್ತೆ ಜೋಡಿಸುತ್ತಿದ್ದ. ತೊಂಬತ್ತೆಂಟರ ಮುಂಗಾರಿಗೆ ಭಾವನಿಗಾಗಿ ಅವನು ಹೊಸ ಕೂರಿಗೆಯೊಂದನ್ನು ತರಿಸಿ ಅದಕ್ಕೆ ತನ್ನ ಬುದ್ಧಿಯನ್ನೆಲ್ಲ ಸುರಿದ. ಈ ಕೂರಿಗೆಗೆ ಬಟ್ಟಲಿಲ್ಲ, ಮೇಲೊಂದು ಉದ್ದನೆಯ ಡಬ್ಬ. ಬೀಜ ತುಂಬಿದರೆ ಗಾಲಿ ಉರುಳಿದ ಹಾಗೆ ತಾನೇ ಆರು ಕೊಳವೆಗೆ ಬಿಡುತ್ತೆ. ಒಂದೊಂದು ಕೊಳವೆಯ ನೆತ್ತಿಯಲ್ಲೂ ರುದ್ರಮುನಿ ಒಂದು ಸಣ್ಣ ಕರೆಂಟಿನ ಕಣ್ಣು ಕೂರಿಸಿದ. ಅಲ್ಲಿಂದ ವೈರು ಎಳೆದು ಡ್ರೈವರನ ಸ್ಟೇರಿಂಗಿನ ಪಕ್ಕ ಒಂದು ತಗಡಿನ ಪೆಟ್ಟಿಗೆ ಬಿಗಿದ. ಪೆಟ್ಟಿಗೆಯ ಮುಖದ ಮೇಲೆ ಆರು ಕೆಂಪು ದೀಪ, ಕೆಳಗೆ ಬಿಳಿ ಬಣ್ಣದಲ್ಲಿ ಒಂದರಿಂದ ಆರು. ಬೀಜ ಬೀಳುತ್ತಿದ್ದರೆ ದೀಪ ಮಿಣುಕುತ್ತೆ, ನಿಂತರೆ ದೀಪ ಸಾಯುತ್ತೆ.

"ಭಾವಾ, ಡ್ರೈವರ್ ಹಿಂದೆ ತಿರುಗಿ ನೋಡೋ ಹಂಗೇ ಇಲ್ಲ. ಎಲ್ಲಾ ಕಣ್ಣ ಮುಂದೆ ಐತೆ" ಅಂದ ರುದ್ರಮುನಿ.

"ಸುಳ್ಳು ಹೇಳಲ್ಲ ತಾನೆ?" ಅಂದರು ಬಕ್ಕೇಶಪ್ಪ.

"ಮನುಷ್ಯರು ಹೇಳ್ತಾರೆ. ದೀಪ ಯಾಕ ಹೇಳ್ತೈತೆ?"

ಅಲ್ಲಿಗೆ ಆರು ಹೆಂಗಸರಲ್ಲಿ ಐವರಿಗೆ ಹಲಗೆ ತಪ್ಪಿತು. ಉಳಿದದ್ದು ಭೀಮವ್ವ ಒಬ್ಬಳೇ. ಹಿಂದಿನ ಮೆಟ್ಟು ಹಲಗೆಯ ಮೇಲೆ ನಿಂತು ಡಬ್ಬಕ್ಕೆ ಬೀಜ ತುಂಬುವುದು, ಡ್ರೈವರ್ ಇಂಥ ನಂಬರು ಸತ್ತಿದೆ ಅಂದರೆ ಆ ಕೊಳವೆಗೆ ತಂತಿ ಹಾಕಿ ಬಿಡಿಸುವುದು. ಇಷ್ಟು ವರ್ಷ ಆಕೆಯ ಪಕ್ಕದ ಬಟ್ಟಲಿಗೆ ಕೂರುತ್ತಿದ್ದ ತಿಮ್ಮವ್ವ, "ನಮ್ಮ ಐದು ಮಂದಿ ಮ್ಯಾಲೆ ಅದೇನು ಕಿವಿ ಕಚ್ಚಿದ್ಯೋ ಸಾವ್ಕಾರ್ರ ಹತ್ರ" ಅಂತ ಮುಖಕ್ಕೇ ಅಂದಳು. ಆಮೇಲೆ ನಲ್ಲಿಯ ಹತ್ತಿರ ಸಿಕ್ಕರೂ ಮಾತಿಲ್ಲ. ಭೀಮವ್ವ ಯಾರ ಕಿವಿಯನ್ನೂ ಕಚ್ಚಿರಲಿಲ್ಲ. ತನ್ನನ್ನೊಬ್ಬಳನ್ನೇ ಯಾಕೆ ಉಳಿಸಿಕೊಂಡರು ಅನ್ನುವ ಅನುಮಾನ ಆಕೆಯನ್ನೇ ಹಗಲಿಡೀ ಕೊರೆಯುತ್ತಿತ್ತು.

ಬಿತ್ತನೆಯ ದಿನ ಬೆಳಿಗ್ಗೆ ಸಾವ್ಕಾರರ ಹೆಂಡತಿ ಉಮಾಮಹೇಶ್ವರಮ್ಮ ಕಾರಿನಲ್ಲಿ ಬಂದು ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ವಾಡಿಕೆಯಂತೆ ಬಿತ್ತುವ ಹೆಂಗಸಿನ ಉಡಿಗೆ ಮೊದಲ ಬೊಗಸೆ ಬೀಜ ಹಾಕಿದರು. ಬಿತ್ತುವಾಕೆ ಆ ಬೀಜವನ್ನು ಕೂರಿಗೆಗೆ ಹಾಕಿ ಕೆಲಸ ಶುರು ಮಾಡಬೇಕು. ಕಂಪನಿಯ ಮೆಕ್ಕೆಜೋಳದ ಬೀಜ, ಗುಲಾಬಿ ಔಷಧಿ ಬಳಿದಿದ್ದು, ತುಟ್ಟಿ ಮಾಲು. ಭೀಮವ್ವ ಉಡಿಯನ್ನು ಡಬ್ಬಕ್ಕೆ ಬಗ್ಗಿಸಿ ಒಂದು ಕಾಳೂ ಉಳಿಯದ ಹಾಗೆ ಒದರಿದಳು. ಟ್ರ್ಯಾಕ್ಟರ್ ಹೊರಟಿತು.

ಡ್ರೈವರ್ ಪರಶುರಾಮ. ಮಲೆಬೆನ್ನೂರಿನ ಕಡೆಯವನು, ಗದ್ದೆಯ ಕೆಸರಲ್ಲಿ ಟ್ರ್ಯಾಕ್ಟರ್ ಹೊಡೆದು ಪಳಗಿದ ಕೈ. ಮೂವತ್ತೈದರ ಮೇಲೆ ವಯಸ್ಸು, ಮಾತು ಕಮ್ಮಿ. ಹಿಂದಿನ ದಿನ ಮಳೆ ಸ್ವಲ್ಪ ಹೆಚ್ಚೇ ಬಿದ್ದು ನೆಲ ಅಂಟಂಟಾಗಿತ್ತು. ಎರಡು ಸುತ್ತು ಬಂದಿರಲಿಲ್ಲ, ಅವನು ಗಾಡಿ ನಿಲ್ಲಿಸಿ ಕೂಗಿದ.

"ಅಕ್ಕಾ, ಎರಡು ಸತ್ತೈತೆ."

ಭೀಮವ್ವ ಎಡಗಡೆಯಿಂದ ಎಣಿಸಿದಳು. ಒಂದು, ಎರಡು. ಅವನು ಕೂರಿಗೆಯನ್ನು ಮೇಲಕ್ಕೆತ್ತಿದ, ಇವಳು ಎರಡನೇ ಕೊಳವೆಗೆ ತಂತಿ ತೂರಿಸಿದಳು. ಸಲೀಸಾಗಿ ಹೋಯಿತು. ಒಳಗೆ ಮಣ್ಣಿಲ್ಲ, ಏನಿಲ್ಲ.

"ಇದ್ರಾಗ ಏನೂ ಇಲ್ಲ ಕಣೋ ಪರಶುರಾಮ. ಚೊಕ್ಕ ಐತೆ."

"ದೀಪ ಸತ್ತಿತ್ತಕ್ಕ."

ಕೂರಿಗೆ ಇಳಿಸಿ ಮುಂದಕ್ಕೆ ಹೋದರು. ಆರೂ ದೀಪ ಮತ್ತೆ ಮಿಣುಕತೊಡಗಿದವು. ಸರಿ ಹೋಯ್ತಲ್ಲ ಅಂತ ಇಬ್ಬರೂ ಸುಮ್ಮನಾದರು. ಆಮೇಲೆ ಮತ್ತೆ ಎರಡು ಸತ್ತಿತು, ಮತ್ತೆ ನಿಲ್ಲಿಸಿದರು, ಮತ್ತೆ ಚೊಕ್ಕ, ಮತ್ತೆ ದೀಪ ಬಂತು. ಸಂಜೆಯೊಳಗೆ ಹನ್ನೊಂದು ಸಲ. ಇವಳಿಗೆ ಕಣ್ಣು ಮಂಜಾಗಿದೆಯೇನೋ ಅಂತ ಪರಶುರಾಮನಿಗೆ, ಇವನು ನನ್ನನ್ನು ಸುಮ್ಮಸುಮ್ಮನೆ ಇಳಿಸಿ ಹತ್ತಿಸಿ ಆಟ ಆಡಿಸುತ್ತಿದ್ದಾನೇನೋ ಅಂತ ಭೀಮವ್ವನಿಗೆ. ಪೆಟ್ಟಿಗೆಯ ಮೇಲಂತೂ ಆಕೆಗೆ ಮೊದಲ ಸಲವೇ ನಂಬಿಕೆ ಹಾರಿಹೋಗಿತ್ತು. ತೊಂದರೆ ಇಲ್ಲದ ಕಡೆ ತೊಂದರೆ ಇದೆ ಅನ್ನುವವರನ್ನು ಆಕೆ ಬೇಕಾದಷ್ಟು ನೋಡಿದ್ದಳು, ಅಂಥವರಿಗೆ ಬೇರೆ ಏನೋ ಮುಚ್ಚಿಡುವುದಿರುತ್ತೆ.

ಎಂಟನೇ ದಿನ ಹೊಲ ಚಾಡಿ ಹೇಳಿತು.

ಬಕ್ಕೇಶಪ್ಪನವರು ಬದುವಿನ ಮೇಲೆ ನಿಂತು ನೋಡಿದರೆ ಹಸಿರು ಎದ್ದಿದೆ, ಆದರೆ ನಡುನಡುವೆ ಒಂದು ಸಾಲು ಮಾರುದ್ದ, ನಾಲ್ಕು ಮಾರುದ್ದ, ಖಾಲಿ. ರುದ್ರಮುನಿಯೂ ಜೊತೆಗಿದ್ದ. ಗಾಲಿಯ ಗುರುತು ಹಿಡಿದು ಎಣಿಸಿದ. ಖಾಲಿ ಬಿದ್ದಿದ್ದೆಲ್ಲ ಐದನೇ ಸಾಲು. ಎರಡನೇ ಸಾಲು ಹಲ್ಲು ಜೋಡಿಸಿದ ಹಾಗೆ ಒತ್ತಾಗಿ ಎದ್ದಿತ್ತು. ಭೀಮವ್ವನನ್ನು ಕರೆಸಿದರು.

"ಐದು ಸತ್ತೈತೆ ಅಂತ ಪೆಟ್ಟಿಗೆ ಒಂದ್ಸಲನಾದ್ರೂ ಹೇಳ್ತಾ?" ಅಂತ ಸಾವ್ಕಾರರು ಪರಶುರಾಮನನ್ನು ಕೇಳಿದರು.

"ಇಲ್ರಿ. ಬರೀ ಎರಡು ಅಂತಿತ್ತು."

"ಅಂದ್ರೆ ಐದರಾಗ ಬೀಜ ಬಿದ್ದೈತೆ. ಬಿದ್ದಿದ್ದು ನೆಲಕ್ಕೆ ಹೋಗಿಲ್ಲ. ಎಲ್ಲಿಗೆ ಹೋತು?"

ಉತ್ತರ ಕೊಟ್ಟವನು ರುದ್ರಮುನಿ. ಕಣ್ಣಿರುವುದು ಕೊಳವೆಯ ನೆತ್ತಿಯಲ್ಲಿ. ಅದರ ಕೆಳಗಿನ ರಬ್ಬರ್ ಪೈಪನ್ನು ಕಿತ್ತು ಪಕ್ಕಕ್ಕೆ ತಿರುಗಿಸಿದರೆ ಬೀಜ ಕಣ್ಣಿನ ಮುಂದೆಯೇ ಹೋಗುತ್ತೆ, ದೀಪವೂ ಮಿಣುಕುತ್ತೆ, ಬೀಜ ಮಾತ್ರ ಎಲ್ಲಿಗೆ ಬೇಕೋ ಅಲ್ಲಿಗೆ. ಇದನ್ನೆಲ್ಲ ಅವನು ಭಾವನ ಮುಖ ನೋಡಿಕೊಂಡೇ ಹೇಳಿದ, ಭೀಮವ್ವನ ಮುಖ ನೋಡಲಿಲ್ಲ.

"ಎಲ್ಲಿಗೆ ಬೇಕೋ ಅಲ್ಲಿಗೆ ಅಂದ್ರೆ?" ಅಂದಳು ಭೀಮವ್ವ.

ಬಕ್ಕೇಶಪ್ಪನವರು ಮೆಲ್ಲಗೆ, ನೋವಾದವರ ಹಾಗೆ ಹೇಳಿದರು. "ಉಡಿಗೆ."

ಮೈಯ ರಕ್ತವೆಲ್ಲ ಮುಖಕ್ಕೆ ನುಗ್ಗಿತು ಭೀಮವ್ವನಿಗೆ. ಬಿತ್ತುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಉಡಿ ತುಂಬಿಸಿಕೊಂಡು ಅದೇ ಉಡಿಗೆ ಕದ್ದಳು ಅನ್ನಿಸಿಕೊಳ್ಳುವುದಕ್ಕಿಂತ ಹೊಳೆಗೆ ಬೀಳುವುದು ವಾಸಿ.

"ನಾನು ಪೊಲೀಸು ಗಿಲೀಸು ಅನ್ನಲ್ಲ ಭೀಮವ್ವ" ಅಂದರು ಸಾವ್ಕಾರರು. "ಉಕ್ಕಡಗಾತ್ರಿಗೆ ಹೋಗಣ. ಅಜ್ಜಯ್ಯನ ಗದ್ದುಗೆ ಮುಂದೆ ನಾನು ತಗಂಡಿಲ್ಲ ಅಂತ ಆಣೆ ಮಾಡು. ಆಮೇಲೆ ಒಂದು ಮಾತಾಡಿದ್ರೆ ಕೇಳು. ಹಿಂಗಾರಿಗೆ ನಿನ್ನನ್ನೇ ಕರೀತೀನಿ."

"ಬರ್ತೀನಿ ಸಾವ್ಕಾರ್ರೇ. ಪೆಟ್ಟಿಗೆನೂ ಕರ್ಕಂಡ್ ಬರ್ರಿ. ಇಬ್ರೂ ಆಣೆ ಮಾಡ್ತೀವಿ."

ಪರಶುರಾಮ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಬಕ್ಕೇಶಪ್ಪನವರು ನಗಲಿಲ್ಲ. ಅಮಾವಾಸ್ಯೆಯವರೆಗೆ ಟೈಮು, ಅಷ್ಟರಲ್ಲಿ ಯೋಚನೆ ಮಾಡು ಅಂದು ಕಾರು ಹತ್ತಿದರು.

ಸುದ್ದಿ ಆಕೆಗಿಂತ ಮುಂಚೆ ಕೇರಿಗೆ ಬಂದಿತ್ತು. ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ಮರುದಿನ ಸೂರ್ಯಕಾಂತಿ ಬಿತ್ತನೆಗೆ ಬರಬೇಕು ಅಂದಿದ್ದ ಇನ್ನೊಬ್ಬ ರೈತ, ನೆಲ ಹದ ಇಲ್ಲ ಅಂತ ಹೇಳಿ ಕಳಿಸಿದ. ನೆಲ ಹದವಾಗಿಯೇ ಇತ್ತು, ಅದು ಭೀಮವ್ವನಿಗೆ ಗೊತ್ತಿರಲಿಲ್ಲವೇ? ಆಣೆ ಮಾಡಿ ಮುಗಿಸಿಬಿಡವ್ವಾ ಅಂದಳು ಭವ್ಯಾ. ಆಣೆ ಮಾಡಿದರೆ ಕೆಲಸ ಉಳಿಯುತ್ತೆ, ನಿಜ. ಆದರೆ ಆಣೆ ಮಾಡಿದ ಹೆಂಗಸು ಅನ್ನುವ ಮಾತು ಸಾಯುವತನಕ ಬೆನ್ನು ಹತ್ತುತ್ತೆ. ಕದಿಯದವಳು ಯಾಕೆ ಆಣೆ ಮಾಡಿದಳು ಅಂತ ಮೊದಲು ಕೇಳುವಾಕೆ ತಿಮ್ಮವ್ವನೇ. ಬೇರೆ ಯಾರಾದರೂ ಆಗಿದ್ದರೆ ಭೀಮವ್ವನೂ ಹಾಗೇ ಕೇಳುತ್ತಿದ್ದಳು, ಸುಳ್ಳೇಕೆ.

ಮೂರನೇ ದಿನ ಮಧ್ಯಾಹ್ನ ಆಕೆ ಒಬ್ಬಳೇ ಹೊಲಕ್ಕೆ ನಡೆದಳು. ಸಾವ್ಕಾರರು ನೋಡಿದ್ದು ಬದುವಿನ ಮೇಲೆ ನಿಂತು. ಭೀಮವ್ವ ಸಾಲಿನೊಳಗೆ ಇಳಿದು, ಸೊಂಟ ಬಗ್ಗಿಸಿ, ಒಂದೊಂದು ಮೊಳಕೆಯನ್ನೂ ನೋಡುತ್ತಾ ನಡೆದಳು. ಐದನೇ ಸಾಲು ಚೆನ್ನಾಗಿ ಎದ್ದಿದ್ದು ಒಂದು ಕಡೆ ನಿಂತುಹೋಯಿತು. ಅಲ್ಲಿಂದ ನಾಲ್ಕು ಮಾರು ಬರೀ ಮಣ್ಣು. ಅದರ ಕೊನೆಗೆ ಏನಿತ್ತು ಅಂತೀರಿ? ಒಂದೇ ಜಾಗದಲ್ಲಿ ಇಪ್ಪತ್ತು ಮೂವತ್ತು ಮೊಳಕೆ, ಒಂದರ ಮೇಲೊಂದು, ಹುಲ್ಲಿನ ಕಂತೆಯ ಹಾಗೆ ಗುಂಪಾಗಿ ಎದ್ದು ನಿಂತಿದ್ದವು. ಅಲ್ಲಿಂದ ಮುಂದೆ ಸಾಲು ಮತ್ತೆ ಸರಿ.

ಭೀಮವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಕೊಳವೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಬೀಜ ಒಳಗೇ ತುಂಬಿ, ಆಮೇಲೆ ಮಣ್ಣು ಉದುರಿದಾಗ ಒಟ್ಟಿಗೇ ಸುರಿದಿದೆ. ಅದು ಸಣ್ಣ ಮಕ್ಕಳಿಗೂ ಗೊತ್ತಾಗುವ ವಿಷಯ. ಮಣ್ಣು ಉದುರಿದ್ದು ಕೂರಿಗೆ ಎತ್ತಿದಾಗ. ಹಾಗಾದರೆ ಇಲ್ಲೇ ಟ್ರ್ಯಾಕ್ಟರ್ ನಿಂತಿತ್ತು. ಎರಡನೇ ಸಾಲಿನ ಕಡೆ ತಿರುಗಿ ನೋಡಿದಳು. ತಾನು ಇಳಿದು ತುಳಿದ ಹೆಜ್ಜೆ ಒಣಗಿ ಗಟ್ಟಿಯಾಗಿ ಹಾಗೇ ಇತ್ತು. ಮುಂದಿನ ಖಾಲಿ ಸಾಲಿಗೆ ಹೋದಳು, ಅಲ್ಲೂ ಕೊನೆಗೊಂದು ಗುಂಪು, ಪಕ್ಕದಲ್ಲಿ ತನ್ನ ಹೆಜ್ಜೆ. ಇಡೀ ಹೊಲ ಸುತ್ತಿ ಬಂದಳು. ಖಾಲಿ ಬಿದ್ದಿದ್ದು ಹನ್ನೊಂದು ಕಡೆ. ಗುಂಪು ಹನ್ನೊಂದು. ಪೆಟ್ಟಿಗೆ ಎರಡು ಅಂತ ಬಡಕೊಂಡಿದ್ದೂ ಹನ್ನೊಂದು ಸಲ.

"ಬೊಗಳಿದ್ದು ನಿಜಾನೇ, ಮನೆ ತಪ್ಪಿ ಬೊಗಳೈತೆ" ಅಂದುಕೊಂಡಳು.

ನೇರ ಹೋಗಿದ್ದು ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿಗೆ. ಪರಶುರಾಮ ಗ್ರೀಸು ತುಂಬುತ್ತಿದ್ದ. "ಕೀ ತಿರುಗಿಸು, ಆ ಪೆಟ್ಟಿಗೆ ಹತ್ತಿಸು, ಯಾಕ ಅಂತ ಕೇಳ್ಬ್ಯಾಡ" ಅಂದಳು. ಕೂರಿಗೆಯನ್ನು ಮೇಲಕ್ಕೆತ್ತಿಸಿ, ಐದನೇ ಕೊಳವೆಯ ನೆತ್ತಿಗೆ ತನ್ನ ಸೆರಗಿನ ತುದಿ ತುರುಕಿ, ಇನ್ನೊಂದು ಕೈಯಲ್ಲಿ ಗಾಲಿ ಉರುಳಿಸಿದಳು. ಡಬ್ಬದಲ್ಲಿ ಉಳಿದಿದ್ದ ಬೀಜ ಟಪಟಪ ಉದುರಿತು.

"ಯಾವುದು ಸತ್ತೈತೆ?"

ಪರಶುರಾಮ ಪೆಟ್ಟಿಗೆಯ ಕಡೆ ಬಗ್ಗಿ ನೋಡಿದ. "ಎರಡು" ಅಂದ. ಇಳಿದು ಬಂದು ಕೊಳವೆ ನೋಡಿದ, ಮತ್ತೆ ಹತ್ತಿ ದೀಪ ನೋಡಿದ. ಒಂದನ್ನು ಮುಚ್ಚಿಸಿದ, ಆರು ಸತ್ತಿತು. ಆರನ್ನು ಮುಚ್ಚಿಸಿದ, ಒಂದು ಸತ್ತಿತು.

ಅವನು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಹೇಳಿದ. "ಅಕ್ಕಾ, ಒಂದ್ ಮಾತು ಕೇಳ್ತೀಯ? ಇದನ್ನ ಸಾವ್ಕಾರ್ರಿಗೆ ಹೇಳ್ಬ್ಯಾಡ. ಅಜ್ಜಯ್ಯನ ಹತ್ರ ಹೋಗಿ ಆಣೆ ಮಾಡಿ ಬಾ. ನೀನು ಕದ್ದಿಲ್ಲ, ನಿನಗೇನು ಹೆದರಿಕೆ? ಹಿಂಗಾರಿಗೆ ನಾನು ಎರಡು ಅಂದ್ರೆ ನೀನು ಐದು ಬಿಡಿಸು. ನಮ್ಮಿಬ್ರಿಗೇ ಗೊತ್ತಿರ್ಲಿ."

ಭೀಮವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಓಹೋ, ಇದು ಹೀಗೆ. ದಿನವಿಡೀ ದೀಪದ ಮುಂದೆ ಕೂತಿದ್ದವನು ಇವನು, ಹನ್ನೊಂದು ಸಲ ನಿಲ್ಲಿಸಿದವನು ಇವನು, ನಿನಗೆ ಯಾಕೆ ಗೊತ್ತಾಗಲಿಲ್ಲ ಅಂತ ಸಾವ್ಕಾರರು ಮೊದಲು ಕೇಳುವುದು ಇವನನ್ನೇ. ತನ್ನ ತಲೆ ಉಳಿಸಿಕೊಳ್ಳಲು ನನ್ನನ್ನು ಗದ್ದುಗೆಯ ಮುಂದೆ ನಿಲ್ಲಿಸುತ್ತಿದ್ದಾನೆ.

"ಕಳ್ಳಿ ಅನ್ನಿಸ್ಕಂಡೋಳು ನಾನು. ನೀನಲ್ಲ" ಅಂದಳು.

"ನಾನು ನಿನ್ನ ಒಳ್ಳೇದಕ್ಕೆ ಹೇಳ್ದೆ."

"ಒಳ್ಳೇದು ಹೇಳೋರನ್ನ ನಾನು ಭಾಳ ನೋಡಿದೀನಿ ಬಿಡು."

ಅವನು ಮತ್ತೆ ಗ್ರೀಸು ಡಬ್ಬಿಗೆ ಕೈ ಹಾಕಿದ. ಆಕೆ ತಿರುಗಿ ನೋಡದೆ ಬಂದಳು.

ಮಾರನೇ ದಿನ ಬೆಳಿಗ್ಗೆ ಭೀಮವ್ವ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ, ಕೆ.ಬಿ. ಬಡಾವಣೆಯ ಮನೆಯ ಗೇಟಿನ ಹತ್ತಿರ ನಿಂತು, "ಸಾವ್ಕಾರ್ರೇ, ಪೆಟ್ಟಿಗೆ ಆಣೆ ಮಾಡಾಕ ತಯಾರೈತೆ, ಬರ್ರಿ" ಅಂದಳು. ಬಕ್ಕೇಶಪ್ಪನವರಿಗೆ ಸಿಟ್ಟು ಬಂತು, ಆಮೇಲೆ ಕುತೂಹಲ ಬಂತು, ಅದೂ ಹೋಗಿ ಅನುಮಾನ ಬಂತು. ಈ ಹೆಂಗಸು ಡ್ರೈವರನ ಜೊತೆ ಸೇರಿ ಪೆಟ್ಟಿಗೆ ಬಿಚ್ಚಿರಬಹುದು ಅಂತ. ಅದಕ್ಕೆ ದಾರಿಯಲ್ಲಿ ರುದ್ರಮುನಿಯನ್ನೂ ಕಾರಿಗೆ ಹಾಕಿಕೊಂಡರು. ಅವನು ಪೆಟ್ಟಿಗೆಯ ಸ್ಕ್ರೂ ನೋಡಿ, ತಾನು ಇಟ್ಟ ಅರಗು ಹಾಗೇ ಇದೆ, ಯಾರೂ ಮುಟ್ಟಿಲ್ಲ ಅಂದ.

ಭೀಮವ್ವ ಮೊದಲು ಅವರನ್ನು ಹೊಲಕ್ಕಿಳಿಸಿದಳು. ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಸಾವ್ಕಾರರು ಸಾಲಿನಲ್ಲಿ ನಡೆದರು. ಮೊದಲ ಗುಂಪು ಮೊಳಕೆ ತೋರಿಸಿದಾಗ ನೆಟ್ಟಗೆ ನಿಂತೇ ನೋಡಿದರು. ಐದನೆಯದಕ್ಕೆ ಬರುವಷ್ಟರಲ್ಲಿ ಟೋಪಿ ತೆಗೆದು ತಲೆ ಒರೆಸಿಕೊಂಡರು. "ನನ್ನ ಉಡಿಗೆ ಬಂದ ಬೀಜ ಇಲ್ಲೈತ್ರಿ. ಎಣಿಸ್ಕೊಳ್ರಿ" ಅಂದಳು ಭೀಮವ್ವ. ಅವರು ಬಗ್ಗಿ ನೋಡಿದರು, ಎಣಿಸಲಿಲ್ಲ.

ಆಮೇಲೆ ಶೆಡ್ಡು. ಪರಶುರಾಮ ಯಾರ ಮುಖವನ್ನೂ ನೋಡದೆ ಸೀಟಿನ ಮೇಲೆ ಕೂತ. ಸಾವ್ಕಾರರೇ ಹೆಗಲ ಮೇಲಿನ ವಲ್ಲಿ ತೆಗೆದು ಐದಕ್ಕೆ ತುರುಕಿದರು. ಎರಡು ಸತ್ತಿತು. ಮೂರಕ್ಕೆ ತುರುಕಿದರು. ನಾಲ್ಕು ಸತ್ತಿತು. ರುದ್ರಮುನಿಯ ಮುಖ ಬಿಳಿಚಿಕೊಂಡಿತು.

"ಅಂಗಡಿಯಾಗ ಎಲ್ಲಾ ಚೆಕ್ ಮಾಡಿದ್ದೆ ಭಾವಾ. ಒಂದು ಮುಚ್ಚಿದ್ರೆ ಒಂದೇ ಸಾಯ್ತಿತ್ತು. ದೇವ್ರಾಣೆ."

"ಅಪ್ಪಾರೇ, ಒಂದ್ ಮಾತು ಹೇಳ್ರಿ" ಅಂದಳು ಭೀಮವ್ವ. "ನಂಬರ್ ಎಣಿಸುವಾಗ ನೀವು ಎಲ್ಲಿ ನಿಂತಿದ್ರಿ?"

"ಎಲ್ಲಿ ಅಂದ್ರೆ? ಕೂರಿಗೆ ಇತ್ತು, ನಾನು ಎದುರಿಗೆ ನಿಂತಿದ್ದೆ."

"ತೋರಿಸ್ರಿ."

ರುದ್ರಮುನಿ ಹೋಗಿ ಟ್ರ್ಯಾಕ್ಟರಿಗೂ ಕೂರಿಗೆಗೂ ನಡುವೆ ತೂರಿಕೊಂಡು, ಕೂರಿಗೆಯ ಕಡೆ ಮುಖ ಮಾಡಿ ನಿಂತ. ಅಂಗಡಿಯಲ್ಲಿ ಬಾಗಿಲ ಬೆಳಕು ಕೂರಿಗೆಯ ಆ ಒಂದು ಕಡೆಗೇ ಬೀಳುತ್ತಿತ್ತಂತೆ. ಅಲ್ಲಿಂದ ತನ್ನ ಎಡಗೈ ಕಡೆಯಿಂದ ಒಂದು, ಎರಡು ಅಂತ ಬೆರಳು ಮಾಡುತ್ತಾ ಹೋದವನು ಮೂರಕ್ಕೆ ನಿಂತುಬಿಟ್ಟ. ಅವನ ಒಂದು ಇವರ ಆರಾಗಿತ್ತು.

"ಅಲ್ರೀ ಅಪ್ಪಾರೇ" ಅಂದಳು ಭೀಮವ್ವ, ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ಕೂರಿಗೆ ಮುಂದೆ ಎತ್ತು ನಿಲ್ತಾವೆ. ಹೊಡೆಯೋನು ಹಿಂದೆ, ಬಿತ್ತೋಳು ಹಿಂದೆ. ಕೂರಿಗೆಯ ಮುಖ ನೋಡ್ಕಂಡು ಬಿತ್ತಿದೋರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ."

ಬಕ್ಕೇಶಪ್ಪನವರಿಗೆ ನಗು ತಡೆಯಲಾಗಲಿಲ್ಲ. ಬಾಮೈದನನ್ನು ಎತ್ತಿನ ಜಾಗದಲ್ಲಿ ನೋಡಿ ಹೊಟ್ಟೆ ಹಿಡಿದು ನಕ್ಕರು. ರುದ್ರಮುನಿಯೂ ಪೆಚ್ಚಾಗಿ ನಕ್ಕ. ಭೀಮವ್ವನೂ ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ತುಂಬಿತು. ಪರಶುರಾಮ ಒಬ್ಬ ನಗಲಿಲ್ಲ.

ಸಾವ್ಕಾರರು ದೊಡ್ಡ ಮನುಷ್ಯರೇ, ಅದನ್ನು ಇಲ್ಲ ಅನ್ನುವಂತಿಲ್ಲ. ಪಕ್ಕದ ಹೊಲದವರನ್ನೂ, ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವರನ್ನೂ ಕರೆದು ನಿಲ್ಲಿಸಿದರು. ಅವರ ಮುಂದೆ ಎರಡೂ ಕೈ ಜೋಡಿಸಿ, "ಭೀಮವ್ವ, ನಿನ್ನ ಮ್ಯಾಲೆ ಆ ಮಾತಾಡಿದ್ದು ನನ್ನ ತಪ್ಪು. ಹೊಟ್ಟಿಗೆ ಹಾಕ್ಕ" ಅಂದರು. ಅಷ್ಟು ಜನರ ಮುಂದೆ, ವಿಭೂತಿ ಹಣೆಯ ಸಾವ್ಕಾರರು. ಭೀಮವ್ವನಿಗೆ ಮೈಯೆಲ್ಲ ಹಗುರ ಅನ್ನಿಸಿತು. "ಬಿಡ್ರಿ, ಹಂಗ್ಯಾಕ ಕೈ ಮುಗೀತೀರಿ" ಅಂದಳು.

ಅಷ್ಟರಲ್ಲಿ ರುದ್ರಮುನಿ ಕಾರಿನಿಂದ ಬಣ್ಣದ ಡಬ್ಬಿ ತಂದಿದ್ದ. ಹಳೆಯ ಅಂಕಿಗಳನ್ನು ಬ್ಲೇಡಿನಿಂದ ಕೆರೆದು, ಒಂದಿದ್ದ ಕಡೆ ಆರು, ಎರಡಿದ್ದ ಕಡೆ ಐದು ಬರೆದ. ಅವನು ನಾಲ್ಕು ಬರೆಯುತ್ತಿರುವಾಗ ಪರಶುರಾಮ ತಡೆದ. "ಅಣ್ಣಾರೇ, ಅಂಕಿ ತಿದ್ದಿದ್ರೆ ದೀಪ ತಿರುಗು ಮುರುಗಾಗೇ ಇರ್ತೈತೆ. ವೈರನ್ನೇ ಬದಲಾಯಿಸ್ರಿ." ಹಾಗೇ ಮಾಡಿದರು. ಅಂಕಿಗಳನ್ನು ಮೊದಲಿನ ಹಾಗೇ ಬರೆದು, ವೈರು ಕಿತ್ತು ಕಿತ್ತು ಸಿಕ್ಕಿಸಿ, ಪುನಃ ವಲ್ಲಿ ತುರುಕಿ ನೋಡಿದರು. ಐದು ಮುಚ್ಚಿದರೆ ಐದೇ ಸತ್ತಿತು. ಆರಕ್ಕೆ ಆರೂ ಸರಿ.

"ಈಗ ನೋಡ್ರಿ ಭಾವಾ" ಅಂದ ರುದ್ರಮುನಿ, ಹೋದ ಜೀವ ಬಂದವನ ಹಾಗೆ. "ಯಾವ ಕೊಳವೆ ಸತ್ತೈತೆ ಅಂತ ಡ್ರೈವರಿಗೆ ಕೂತಲ್ಲೇ ಗೊತ್ತು. ಇಳಿದು ಅವನೇ ಒಂದ್ಸಲ ತಂತಿ ಹಾಕಿದ್ರಾತು. ಬೀಜ ತುಂಬೋದು ಸಾಲಿನ ಕೊನೆಗೆ ಒಮ್ಮೆ. ಹಿಂದೆ ಆಳೇ ಬ್ಯಾಡ."

ಬಕ್ಕೇಶಪ್ಪನವರು ಪೆಟ್ಟಿಗೆಯನ್ನು ನೋಡಿದರು, ಭೀಮವ್ವನನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ದೊಡ್ಡದೊಂದು ಉಪಕಾರ ಮಾಡುತ್ತಿರುವವರ ಹಾಗೆ ಆಕೆಯ ಕಡೆ ತಿರುಗಿ ಹೇಳಿದರು.

"ಹೌದು ಭೀಮವ್ವ. ಇನ್ಮ್ಯಾಲೆ ಹಿಂದೆ ಯಾರೂ ನಿಲ್ಲೋದು ಬ್ಯಾಡ. ನಿನ್ನಂಥೋಳ ಮ್ಯಾಲೆ ಅನುಮಾನ ಪಡೋ ಪಾಪನೂ ನಂಗೆ ಬ್ಯಾಡ."

ಭೀಮವ್ವ ಏನೋ ಹೇಳಲು ಹೋದಳು. ಆಗ ಸೀಟಿನ ಮೇಲಿದ್ದ ಪರಶುರಾಮನ ಮುಖ ಕಂಡಿತು. ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿಕೊಂಡಿದ್ದ. ಪೆಟ್ಟಿಗೆ ಸರಿಯಾದರೆ ಹಿಂದಿನ ಹಲಗೆ ಹೋಗುತ್ತೆ ಅಂತ ಅವನಿಗೆ ಮೊದಲೇ ಕಂಡಿತ್ತು; ಆಣೆ ಮಾಡಿ ಬಾ ಅಕ್ಕ, ನಮ್ಮಿಬ್ಬರಿಗೇ ಗೊತ್ತಿರಲಿ ಅಂದಿದ್ದು ಯಾರ ತಲೆ ಉಳಿಸಲು ಅಂತ ಆಕೆಗೆ ಆಗ ಗೊತ್ತಾಯಿತು. ಹುಟ್ಟಿದಾಗಿನಿಂದ ಒಬ್ಬರನ್ನೂ ನಂಬದವಳು, ನಂಬಬೇಕಾಗಿದ್ದ ಒಬ್ಬನನ್ನೂ ನಂಬಿರಲಿಲ್ಲ.

"ಆತು ಸಾವ್ಕಾರ್ರೇ" ಅಂದಳು. "ಕಳ್ಳಿ ಅಲ್ಲ ಅಂತ ಆತಲ್ಲ."

ಸಂಜೆ ಕೇರಿಗೆ ಬರುವಷ್ಟರಲ್ಲಿ ಈ ಸುದ್ದಿಯೂ ಆಕೆಗಿಂತ ಮುಂಚೆ ಬಂದಿತ್ತು. ಸಾವ್ಕಾರರು ಹತ್ತು ಜನರ ಮುಂದೆ ಕೈ ಮುಗಿದರಂತೆ ಅಂತ ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ತಿಮ್ಮವ್ವ ತನ್ನ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಭೀಮವ್ವ ದಾಟಿ ಹೋಗುವಾಗ, ಎಷ್ಟೋ ದಿನದ ಮೇಲೆ ಮಾತಾಡಿಸಿದಳು.

"ಗೆದ್ದು ಬಂದಿ ಅನ್ನು."

"ಗೆದ್ದೆ."

"ಮತ್ತೆ ಹಿಂಗಾರಿಗೆ ನಿನಗೇ ಹಲಗೆ. ನಮಗೆಲ್ಲಿ."

ಭೀಮವ್ವ ನಿಂತಳು. ಕಟ್ಟೆಯ ಅಂಚಿಗೆ ಕೂತು, ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಕಲ್ಲು ಹುಡುಕತೊಡಗಿದಳು.

"ನಮ್ಮನ್ನ ಓಡಿಸಾಕ ಬಂದ ಪೆಟ್ಟಿಗೆಗೆ ಎಡ ಯಾವ್ದು ಬಲ ಯಾವ್ದು ಗೊತ್ತಿರ್ಲಿಲ್ಲ ಕಣೇ ತಿಮ್ಮಿ" ಅಂದಳು. "ಬಸ್ ಹಿಡ್ಕಂಡು ಹೋಗಿ, ಕರ್ಕಂಡ್ ಬಂದು, ನಾನೇ ಹೇಳಿಕೊಟ್ಟೆ."